ಮಗ ಗುಂಪಿನಲ್ಲಿ ಇರಲಿಲ್ಲ



ಪವಿತ್ರ ಕುಟುಂಬದ ಹಬ್ಬದಂದು ಮೂರು ವರ್ಷಕ್ಕೊಮ್ಮೆ ನಾವು ಆಲಿಸುವ ಶುಭಸಂದೇಶ ಸಂತ ಲೂಕರದು. ಪಾಸ್ಕ ಹಬ್ಬ ಮುಗಿದ ಮೇಲೆ ಹನ್ನೆರಡು ವರ್ಷದ ಯೇಸು ಜೆರುಸಲೇಮಿನಲ್ಲೇ ಉಳಿದುಬಿಡುತ್ತಾರೆ. ಮಗ ನೆಂಟರಿಷ್ಟರ ಜೊತೆ ಬರುತ್ತಿರಬಹುದೆಂದು ಭಾವಿಸಿ ಮಾತೆ ಮರಿಯ ಮತ್ತು ಸಂತ ಜೋಸೆಫರು ಒಂದು ದಿನದ ಹಾದಿ ನಡೆದುಬಿಡುತ್ತಾರೆ. ಅದು ಅಲಕ್ಷ್ಯವಲ್ಲ, ನಂಬಿಕೆ. ಆದರೂ ಮಗ ಗುಂಪಿನಲ್ಲಿ ಇರಲಿಲ್ಲ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮನೆಭೇಟಿಗೆ ಹೋದಾಗ, "ಸ್ವಾಮಿ, ಸ್ಕೂಲಿಗೆ ಸೇರಿಸಿದ್ದೀವಿ, ಇನ್ನು ಮೇಷ್ಟ್ರು ನೋಡ್ಕೋತಾರೆ" ಎನ್ನುತ್ತಾರೆ ತಂದೆ. ಶಾಲೆಗೆ ಹೋದರೆ, "ಫಾದರ್, ಮನೆಯಲ್ಲೇ ಹೇಳೋರಿಲ್ಲ, ನಾವೇನು ಮಾಡೋಣ?" ಎನ್ನುತ್ತಾರೆ ಶಿಕ್ಷಕರು. ಹದಿನಾಲ್ಕರ ಹುಡುಗ ಈ ಎರಡು ಮಾತುಗಳ ನಡುವೆ ಕಳೆದುಹೋಗಿರುತ್ತಾನೆ.

ನಮ್ಮದು ಹೊಗೆಸೊಪ್ಪಿನ ಸೀಮೆ. ಮಳೆಗಾಲದಲ್ಲಿ ಸೊಪ್ಪು ಮುರಿಯುವ ಕೆಲಸ ಶುರುವಾದರೆ ಬ್ಯಾರನ್ನಿನ ಬೆಂಕಿ ಐದಾರು ದಿನ ಹಗಲಿರುಳು ಆರುವಂತಿಲ್ಲ. ಶಾಖ ಏರುಪೇರಾದರೆ ಆ ಸಲದ ಸೊಪ್ಪೆಲ್ಲ ಹಾಳು. ಬೆಂಕಿ ಕಾಯಲು ದೊಡ್ಡ ಮಗ ಕೂರುತ್ತಾನೆ. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಾನೆ, ಬೈದರೆ ಎದುರುತ್ತರ ಕೊಡುತ್ತಾನೆ. ಇಬ್ಬನಿಗೆ ಒದ್ದೆಯಾದ ಹಸಿ ಸೊಪ್ಪನ್ನು ಮುರಿದರೆ ನಿಕೋಟಿನ್ ಚರ್ಮದ ಮೂಲಕ ಮೈಸೇರಿ ತಲೆಸುತ್ತು, ವಾಂತಿ ಬರುವುದುಂಟು. ಅದು ಶಿಕ್ಷಕರ ಕಣ್ಣಿಗೆ ಸೋಗಿನಂತೆ ಕಾಣುತ್ತದೆ. ಹದಿನಾಲ್ಕು ತುಂಬದ ಮಕ್ಕಳು ಮನೆಯ ಕಸುಬಿನಲ್ಲೂ ಶಾಲೆಯ ಸಮಯದ ಹೊರಗೆ, ಅಪಾಯವಿಲ್ಲದ ಕೆಲಸಕ್ಕೆ ಮಾತ್ರ ನೆರವಾಗಬಹುದೆಂದು 2016ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಇದು ನಮ್ಮ ಎಷ್ಟು ಮನೆಗಳಿಗೆ ಗೊತ್ತು?

ನಾವು ಬಲ್ಲ ಒಂದು ಮನೆಯ ಹುಡುಗ ಒಂಬತ್ತನೇ ತರಗತಿಯಲ್ಲಿದ್ದ. ಅಂಕಪಟ್ಟಿಗೆ ಅಪ್ಪನ ಸಹಿ ತಾನೇ ಹಾಕಿದ್ದ. ಟಿ.ಸಿ. ಕೊಟ್ಟು ಕಳುಹಿಸುವ ಮಾತು ಬಂದಿತ್ತು. ಒಂದು ಸಂಜೆ ತರಗತಿಯ ಶಿಕ್ಷಕಿ ನಮ್ಮೊಂದಿಗೆ ಬ್ಯಾರನ್ನಿನ ಬಳಿಗೇ ಬಂದರು. ಹುಡುಗ ಬೆಂಕಿಯ ಮುಂದೆ ಕುಳಿತೇ ನಿದ್ದೆ ಹೋಗಿದ್ದ. ಯಾರೂ ಯಾರನ್ನೂ ಬೈಯಲಿಲ್ಲ. ಶಾಲೆಯಿರುವ ದಿನಗಳಲ್ಲಿ ರಾತ್ರಿ ಕಾವಲು ಚಿಕ್ಕಪ್ಪನದೆಂದು ಅಲ್ಲೇ ತೀರ್ಮಾನವಾಯಿತು. ತಿಂಗಳಿಗೊಮ್ಮೆ ತಾವೇ ಫೋನ್ ಮಾಡುವುದಾಗಿ ಟೀಚರ್ ಹೇಳಿದರು. ಹುಡುಗ ಪೂರ್ತಿ ಸರಿಹೋದನೆಂದು ಹೇಳಲಾರೆವು, ಗಣಿತದಲ್ಲಿ ಈಗಲೂ ಹಿಂದೆ. ಆದರೆ ಶಾಲೆ ಬಿಡಲಿಲ್ಲ.

ಪೋಷಕರು ಶಿಕ್ಷಕರೊಂದಿಗೆ ನಿಕಟವಾಗಿ ಸಹಕರಿಸಬೇಕು, ಶಿಕ್ಷಕರು ಪೋಷಕರ ಮಾತಿಗೆ ಮನಃಪೂರ್ವಕವಾಗಿ ಕಿವಿಗೊಡಬೇಕು ಎಂದು 1983ರ ಧರ್ಮಸಭಾ ಕಾನೂನಿನ 796ನೇ ವಿಧಿ ಇಬ್ಬರನ್ನೂ ಕಟ್ಟಿಹಾಕಿದೆ. "ಚೆನ್ನಾಗಿ ಬಾರಿಸಿ ಸಾರ್" ಎಂದು ಬೆತ್ತವನ್ನು ಶಾಲೆಗೆ ಒಪ್ಪಿಸುವುದು ಸಹಕಾರವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತಂದೆಯರು ಮಕ್ಕಳನ್ನು ಕೆಣಕಿ ಅವರ ಮನಗುಂದಿಸಬಾರದೆಂದು ಸಂತ ಪೌಲರು ಕೊಲೊಸ್ಸೆಯರಿಗೆ ಎಂದೋ ಬರೆದಿದ್ದರು.

ಮೂರನೆಯ ದಿನ ಮಗ ಸಿಕ್ಕಾಗ ಮಾತೆ ಮರಿಯ ಮೊದಲು ಮಾಡಿದ್ದು, ಹೀಗೇಕೆ ಮಾಡಿದೆ ಎಂದು ಕೇಳಿದ್ದು. ತಮ್ಮ ಕಳವಳವನ್ನೂ ಬಚ್ಚಿಡಲಿಲ್ಲ. ಮಗನ ಉತ್ತರ ಅವರಿಗೆ ಅರ್ಥವಾಗಲಿಲ್ಲ ಎಂದೂ ಲೂಕರು ಬರೆಯುತ್ತಾರೆ. ಹರೆಯದ ಮಕ್ಕಳ ಹೆತ್ತವರಿಗೆ ಇದಕ್ಕಿಂತ ಸಮಾಧಾನ ಬೇಕೆ! ಅರ್ಥವಾಗದಿದ್ದರೂ ಮೂವರೂ ಜೊತೆಯಾಗಿ ನಜರೇತಿಗೆ ನಡೆದರು.

ಶಾಲೆಯಲ್ಲಿ ಪೋಷಕರ ಸಭೆ ಕರೆದಾಗ ತಾಯಂದಿರಷ್ಟೇ ಹೋಗುವುದನ್ನು ನಾವು ಕಂಡಿದ್ದೇವೆ. ಸೊಪ್ಪಿನ ಹರಾಜಿನ ದಿನವೇ ಸಭೆ ಬಿದ್ದರೆ ಬೇರೆ ದಿನ ಕೇಳಿರಿ, ನಾವೂ ಶಾಲೆಯವರಿಗೆ ಹೇಳುತ್ತೇವೆ. ಈ ಸಲ ಅಪ್ಪಂದಿರೂ ಬನ್ನಿ.