ಕ್ಯಾಮೆರಾದೊಳಗಿನ ಧೂಳು: ಹೊಣೆ ಯಾರದು?

ಫಿಲ್ಮಿನ ಕಾಲದಲ್ಲಿ ಕ್ಯಾಮೆರಾದೊಳಗೆ ಧೂಳಿನ ಕಣ ಹೊಕ್ಕರೆ, ಹೆಚ್ಚಾಗಿ ಅದು ಒಂದೆರಡು ಚಿತ್ರಗಳನ್ನು ಕೆಡಿಸಿ ಫಿಲ್ಮಿನೊಂದಿಗೇ ಮುಂದೆ ಸಾಗಿಬಿಡುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಎಲ್ಲ ಚಿತ್ರಗಳೂ ಮೂಡುವುದು ಒಂದೇ ಸೆನ್ಸರಿನ ಮೇಲೆ. ಅದರ ಮುಂದಿನ ಗಾಜಿಗೆ ಅಂಟಿದ ಕಣ ಮದುವೆಯ ಚಿತ್ರ ಚಿತ್ರದಲ್ಲೂ ಅದೇ ಜಾಗದಲ್ಲಿ ಚುಕ್ಕೆಯಾಗಿ ಕುಳಿತಿರುತ್ತದೆ. ಸರ್ವಿಸಿಗೆ ಕೊಂಡೊಯ್ದರೆ ಸಿಗುವ ಉತ್ತರ ಸ್ಟುಡಿಯೋದವರಿಗೆಲ್ಲ ಬಾಯಿಪಾಠ: ‘ನೀವು ಲೆನ್ಸ್ ಬದಲಿಸುವಾಗ ಹೊಕ್ಕ ಧೂಳು.’

ಈ ಉತ್ತರ ಎಷ್ಟೋ ಸಲ ನಿಜವೇ. ಯಾವಾಗಲೂ ನಿಜವಲ್ಲ ಎಂಬುದಕ್ಕೆ ನಿಕಾನ್ ಡಿ600 ಸಾಕ್ಷಿ. 2012ರ ಸೆಪ್ಟೆಂಬರಿನಲ್ಲಿ ಹೊರಬಂದ ಈ ಕ್ಯಾಮೆರಾದ ಚಿತ್ರಗಳಲ್ಲಿ, ಮುಖ್ಯವಾಗಿ ಎಡಗಡೆಯ ಮೇಲ್ಮೂಲೆಯಲ್ಲಿ, ಚುಕ್ಕೆಗಳು ಕಾಣಿಸತೊಡಗಿದವು. ಒರೆಸಿದರೂ ಮತ್ತೆ ಬಂದವು. 2013ರ ಫೆಬ್ರವರಿಯಲ್ಲಿ ಕಂಪೆನಿ ಹೇಳಿದ್ದು, ಗಾಳಿ ಊದಿ ತೆಗೆಯಿರಿ, ಹೋಗದಿದ್ದರೆ ಸರ್ವಿಸಿಗೆ ತನ್ನಿ ಎಂದಷ್ಟೆ. ಅದೇ ಅಕ್ಟೋಬರಿನಲ್ಲಿ ಬೇರೆ ಶಟರ್ ಜೋಡಿಸಿದ ಡಿ610 ಮಾರುಕಟ್ಟೆಗೆ ಬಂತು! ಹಳೆಯದನ್ನು ಕೊಂಡವರು ಏನು ತಿಳಿಯಬೇಕು? ಕೊನೆಗೆ 2014ರ ಫೆಬ್ರವರಿಯಲ್ಲಿ, ವಾರಂಟಿ ಮುಗಿದಿದ್ದರೂ ಡಿ600ನ್ನು ಪರೀಕ್ಷಿಸಿ, ಶುಚಿಮಾಡಿ, ಶಟರನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಪ್ರಕಟಿಸಲಾಯಿತು. ಮಾರ್ಚ್ 15ರಂದು ಚೀನಾದ ಸರಕಾರಿ ಟಿ.ವಿ. ಈ ವಿಷಯವನ್ನೆತ್ತಿಕೊಂಡಿತು, ಬೆನ್ನಿಗೇ ಶಾಂಘೈಯಲ್ಲಿ ಡಿ600 ಮಾರಾಟ ನಿಲ್ಲಿಸುವಂತೆ ಅಧಿಕಾರಿಗಳ ಆಜ್ಞೆಯಾಯಿತು. ಗಿರಾಕಿಗಳು ಪಟ್ಟುಬಿಡದೆ ಹೋಗಿದ್ದರೆ ಇಷ್ಟೂ ಆಗುತ್ತಿತ್ತೋ ಇಲ್ಲವೋ.

ಚುಕ್ಕೆ ಎಲ್ಲಿಂದ ಬಂತೆಂದು ತಿಳಿಯಲು ಒಂದು ಸುಲಭ ಉಪಾಯವುಂಟು. ಅಪರ್ಚರನ್ನು 16 ಅಥವಾ 22ಕ್ಕೆ ಕಿರಿದುಮಾಡಿ, ಫೋಕಸ್ ತಪ್ಪಿಸಿ, ಬರಿಯ ಆಕಾಶದ ಅಥವಾ ಬಿಳಿಗೋಡೆಯ ಚಿತ್ರ ತೆಗೆಯಿರಿ. ಕಿಂಡಿ ಕಿರಿದಾದಷ್ಟೂ ಕಣದ ನೆರಳು ಸ್ಪಷ್ಟ. ಕಿಂಡಿ ದೊಡ್ಡದಿಟ್ಟು ತೆಗೆದ ಚಿತ್ರಗಳಲ್ಲಿ ಅದು ಕರಗಿಹೋಗುವುದರಿಂದಲೇ ಚುಕ್ಕೆ ಬೇಗನೆ ಗಮನಕ್ಕೆ ಬರುವುದಿಲ್ಲ. ಲೆನ್ಸ್ ಬದಲಿಸಿದರೂ ಚುಕ್ಕೆ ಕದಲದಿದ್ದರೆ ಅದು ಸೆನ್ಸರಿನದೇ. ಬಿಂಬ ತಲೆಕೆಳಗಾಗಿ ಬೀಳುವುದರಿಂದ, ಚಿತ್ರದಲ್ಲಿ ಮೇಲಿರುವ ಚುಕ್ಕೆಯ ಕಣ ಸೆನ್ಸರಿನ ಕೆಳಭಾಗದಲ್ಲಿರುತ್ತದೆ.

ಊದಲು ರಬ್ಬರ್ ಬ್ಲೋವರ್ ಸಾಕು. ಬಾಯಿಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಅಂಟಿದ ಎಣ್ಣೆಯ ಚುಕ್ಕೆ ಊದಿದರೆ ಹೋಗದು, ಒರೆಸುವ ಕೆಲಸ ಬಲ್ಲವರಿಗೇ ಬಿಡಬೇಕು. (ಆಟಿ ತಿಂಗಳಲ್ಲಿ ಲೆನ್ಸಿಗೆ ಹಿಡಿಯುವ ಬೂಷ್ಟಿನ ಕಥೆ ಬೇರೆ, ಅದಕ್ಕೆ ಈ ಯಾವ ಮದ್ದೂ ನಾಟದು.)

ಸರ್ವಿಸಿಗೆ ಕೊಡುವಾಗ ಬಿಳಿಗೋಡೆಯ ಚಿತ್ರವೊಂದನ್ನು ಜತೆಗಿಡಿ. ಮರಳಿ ಪಡೆಯುವಾಗ ಅಲ್ಲೇ, ಹಣ ಕೊಡುವ ಮೊದಲು, ಇನ್ನೊಂದನ್ನು ತೆಗೆದು ನೋಡಿ. ಲೆನ್ಸನ್ನು ಕಳಚದೆಯೇ ಕೆಲವು ನೂರು ಚಿತ್ರಗಳೊಳಗೆ ಚುಕ್ಕೆ ಮತ್ತೆ ಮೂಡಿದರೆ, ಎರಡೂ ಚಿತ್ರಗಳನ್ನೂ ರಶೀದಿಯನ್ನೂ ಹಿಡಿದುಕೊಂಡು ಹೋಗಿ, ಶಟರನ್ನು ಪರೀಕ್ಷಿಸಿರೆಂದು ಬರವಣಿಗೆಯಲ್ಲೇ ಕೇಳಿ.