ತಂತಿಯ ಕೊನೆಯ ತೋಟ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯನ್ನು ಅನೇಕರು ಅಲ್ಲಿನ ಕಲ್ಲೇಶ್ವರ ಮತ್ತು ಚೆನ್ನಕೇಶವ ದೇವಾಲಯಗಳಿಗಾಗಿ ಬಲ್ಲರು. ಆ ಗುಡಿಗಳ ಸುತ್ತಲಿನ ಸೀಮೆ ತೆಂಗಿನದು. ಇಲ್ಲಿ ತೆಂಗು ಕೊಳವೆ ಬಾವಿಯನ್ನೂ, ಕೊಳವೆ ಬಾವಿ ವಿದ್ಯುತ್ತನ್ನೂ ನೆಚ್ಚಿಕೊಂಡಿದೆ. ಇಂಥ ಊರುಗಳಲ್ಲಿ ಬೇಸಗೆ ಬಂತೆಂದರೆ ಒಂದು ದೂರು ಕೇಳಿಬರುತ್ತದೆ. ಟ್ರಾನ್ಸ್‌ಫಾರ್ಮರಿನ, ಅಂದರೆ ರೈತರ ಮಾತಿನ 'ಟಿ.ಸಿ.'ಯ, ಪಕ್ಕದ ತೋಟದಲ್ಲಿ ಪಂಪು ಸರಾಗವಾಗಿ ನೀರೆತ್ತುತ್ತದೆ. ಅದೇ ತಂತಿಯ ಕೊನೆಯ ತೋಟದಲ್ಲಿ ಮೋಟಾರು ಬಿಸಿಯಾಗಿ, ಕಡೆಗೆ ಅದರ ಸುರುಳಿ ಸುಟ್ಟುಹೋಗುತ್ತದೆ. ಇದಕ್ಕೆ ಕಾರಣವೇನು?

ತೋಟಕ್ಕೆ ನೀರು ಹಾಯಿಸುವ ಉದ್ದನೆಯ ಪೈಪನ್ನು ನೆನೆಯೋಣ. ದಾರಿಯುದ್ದಕ್ಕೂ ಒತ್ತಡ ಕರಗುತ್ತ ಹೋಗಿ, ಕೊನೆಯ ಮರಕ್ಕೆ ನೀರು ಸಣ್ಣಗೆ ಬೀಳುತ್ತದೆ. ವಿದ್ಯುತ್ತಿನ ಒತ್ತಡವಾದ ವೋಲ್ಟೇಜೂ ಹಾಗೆಯೇ. ತಂತಿಗೆ ತನ್ನದೇ ಆದ ರೋಧವುಂಟು. ಪ್ರವಾಹ ಹೆಚ್ಚಿದಷ್ಟೂ, ತಂತಿ ಉದ್ದವಾದಷ್ಟೂ ವೋಲ್ಟೇಜು ಇಳಿಯುತ್ತದೆ.

ಈ ಇಳಿತವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಕಿಲೋಮೀಟರ್ ಉದ್ದದ ಮೂರು ಫೇಸಿನ ತಂತಿಸಾಲನ್ನು ಕಲ್ಪಿಸಿಕೊಳ್ಳೋಣ. ಒಂದು ತುದಿಯಲ್ಲಿ 400 ವೋಲ್ಟುಗಳನ್ನು ಕೊಡುವ ಟ್ರಾನ್ಸ್‌ಫಾರ್ಮರು. ಅಲ್ಲಿಂದ 200, 400, 600, 800, 1,000 ಮೀಟರುಗಳ ದೂರದಲ್ಲಿ ಐದು ತೋಟಗಳು. ಪ್ರತಿಯೊಂದರಲ್ಲೂ ಐದು ಅಶ್ವಶಕ್ತಿಯ ಮೋಟಾರು. ಇಂಥ ಮೋಟಾರು ಸುಮಾರು 8 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಉಕ್ಕಿನ ಎಳೆಯ ಸುತ್ತ ಅಲ್ಯೂಮಿನಿಯಂ ಹೆಣೆದ ತಂತಿಗಳಿಗೆ ಅಳಿಲು, ಮೊಲ ಮುಂತಾದ ಪ್ರಾಣಿಗಳ ಇಂಗ್ಲಿಷ್ ಹೆಸರಿಡುವ ರೂಢಿಯುಂಟು. ನಾವು 'ವೀಸೆಲ್' ತಂತಿಯನ್ನು ಆರಿಸಿಕೊಳ್ಳೋಣ. ಅದರ ರೋಧ ಕಿಲೋಮೀಟರಿಗೆ ಸುಮಾರು 0.91 ಓಮ್. ಪರ್ಯಾಯ ಪ್ರವಾಹವು ತಂತಿಯ ಸುತ್ತ ಹುಟ್ಟಿಸುವ ಕಾಂತಕ್ಷೇತ್ರದಿಂದ ಇನ್ನೊಂದು ಬಗೆಯ ಅಡ್ಡಿಯೂ ಸುಮಾರು 0.35 ಓಮ್‌ನಷ್ಟಿರುತ್ತದೆ. ಮೋಟಾರಿನ ಪವರ್ ಫ್ಯಾಕ್ಟರು 0.8 ಆಗಿದ್ದರೆ, ಮೊದಲನೆಯದನ್ನು 0.8ರಿಂದಲೂ ಎರಡನೆಯದನ್ನು 0.6ರಿಂದಲೂ ಗುಣಿಸಿ ಕೂಡಿಸಬೇಕು, ಬರುವುದು 0.938. ಮೂರು ಫೇಸುಗಳಾದ್ದರಿಂದ ಇದನ್ನು 1.732ರಿಂದ ಗುಣಿಸಿದರೆ ಸುಮಾರು 1.62. ಎಂದರೆ, ಒಂದು ಆಂಪಿಯರ್ ಒಂದು ಕಿಲೋಮೀಟರ್ ಹರಿದರೆ 1.62 ವೋಲ್ಟು ನಷ್ಟ.

ಇನ್ನು ಪ್ರತಿ ತೋಟದ ಆಂಪಿಯರನ್ನು ಅದರ ದೂರದಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ ಸಾಕು. ದೂರಗಳ ಮೊತ್ತ 3 ಕಿಲೋಮೀಟರ್; ಎಂಟು ಮೂರಲ 24 ಆಂಪಿಯರ್-ಕಿಲೋಮೀಟರ್; ಇಳಿತ ಸುಮಾರು 39 ವೋಲ್ಟು. ಕೊನೆಯ ತೋಟಕ್ಕೆ ತಲಪುವುದು 361 ವೋಲ್ಟು ಮಾತ್ರ. ನಿಯಮದಂತೆ ಇಲ್ಲಿ ಶೇಕಡ 6ಕ್ಕಿಂತ, ಎಂದರೆ 24 ವೋಲ್ಟಿಗಿಂತ, ಹೆಚ್ಚು ಇಳಿಯಬಾರದು.

39 ವೋಲ್ಟು ಅಲ್ಪವೆಂದು ತೋರಬಹುದು. ಆದರೆ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ಹೊರಡುವಾಗಿನ ಬಲ ಸುಮಾರು ಐದನೆಯ ಒಂದು ಭಾಗ ಕುಗ್ಗುತ್ತದೆ. ಅದೇ ಹೊರೆಯನ್ನು ಹೊರಲು ಮೋಟಾರು ಹೆಚ್ಚು ಪ್ರವಾಹವನ್ನೆಳೆಯುತ್ತದೆ. ಸುರುಳಿಯ ಕಾವು ಸುಮಾರು ಕಾಲುಭಾಗ ಏರುತ್ತದೆ. ಹೆಚ್ಚಾದ ಪ್ರವಾಹ ವೋಲ್ಟೇಜನ್ನು ಮತ್ತಷ್ಟು ಇಳಿಸುತ್ತದೆ! ಹೊರಡುವ ಕ್ಷಣದಲ್ಲಂತೂ ಪ್ರವಾಹ ಹಲವು ಪಟ್ಟು. ಕರೆಂಟು ಬಂದೊಡನೆ ತಾವಾಗಿಯೇ ಹೊರಡುವ ಸ್ಟಾರ್ಟರುಗಳು ಎಲ್ಲ ತೋಟಗಳಲ್ಲೂ ಇದ್ದರೆ ಕೊನೆಯವನ ಗತಿಯನ್ನು ಓದುಗರೇ ಊಹಿಸಬಹುದು. ಸುಟ್ಟ ಸುರುಳಿಯನ್ನು ಹೊಸದಾಗಿ ಸುತ್ತಿಸುವ ಖರ್ಚು ಅವನದು. ಅಷ್ಟು ದಿನ ನೀರಿಲ್ಲದೆ ನಿಲ್ಲುವುದು ಅವನ ತೆಂಗು.

ದಪ್ಪ ತಂತಿ ಹಾಕಿದರೆ ಇಳಿತ ತಗ್ಗುತ್ತದೆ, ನಿಜ. ಮೋಟಾರಿನ ಬಳಿ ಕೆಪಾಸಿಟರು ಇಟ್ಟರೂ ಸ್ವಲ್ಪ ಲಾಭವುಂಟು. ಇವೆರಡಕ್ಕಿಂತ ಸೊಗಸಾದ ಉಪಾಯವೊಂದಿದೆ. ಟ್ರಾನ್ಸ್‌ಫಾರ್ಮರನ್ನು ಮೂರನೆಯ ತೋಟದ ಬಳಿಗೆ ಸಾಗಿಸೋಣ. ಈಗ ಎರಡೂ ಕಡೆ 200 ಮತ್ತು 400 ಮೀಟರುಗಳಲ್ಲಿ ಒಂದೊಂದು ಮೋಟಾರು. ಪ್ರತಿ ಕವಲಿನಲ್ಲಿ 4.8 ಆಂಪಿಯರ್-ಕಿಲೋಮೀಟರ್, ಇಳಿತ 8 ವೋಲ್ಟಿಗಿಂತಲೂ ಕಡಮೆ. ತಂತಿ ಅದೇ, ಮೋಟಾರುಗಳು ಅವೇ!

ಹಾಗಾದರೆ ಟ್ರಾನ್ಸ್‌ಫಾರ್ಮರಿನವರೆಗಿನ 600 ಮೀಟರುಗಳಲ್ಲಿ ನಷ್ಟವಿಲ್ಲವೇ? ಅಲ್ಲಿ ವಿದ್ಯುತ್ತು ಹರಿಯುವುದು 11,000 ವೋಲ್ಟುಗಳಲ್ಲಿ. ಐದು ಪಂಪುಗಳ 40 ಆಂಪಿಯರ್ ಅಲ್ಲಿ ಸುಮಾರು ಒಂದೂವರೆ ಆಂಪಿಯರ್ ಆಗುತ್ತದೆ. ಇಳಿತ 11,000ದಲ್ಲಿ ಎರಡು ವೋಲ್ಟೂ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ದವರು ಹತ್ತಾರು ಸಾವಿರ ವೋಲ್ಟುಗಳಿಗೆ ಏರಿಸಿ ಕಳುಹಿಸಿದ್ದರ ಮರ್ಮವೂ ಇದೇ. ಹೆಚ್ಚು ಒತ್ತಡದಲ್ಲಿ ದೂರ ಸಾಗಿಸಿ, ಬಳಸುವವನ ಸಮೀಪದಲ್ಲಿ ಇಳಿಸಬೇಕು.

ವಿದ್ಯಾರ್ಥಿಗಳು ತಮ್ಮೂರಿನ ಒಂದು ತಂತಿಸಾಲನ್ನು ಹೆಜ್ಜೆಯಿಂದ ಅಳೆದು, ಪಂಪುಗಳನ್ನು ಎಣಿಸಿ, ಈ ಗುಣಾಕಾರವನ್ನು ಮಾಡಿನೋಡಲಿ. ಕಂಬ ಹತ್ತುವುದಾಗಲಿ ತಂತಿಯನ್ನು ಮುಟ್ಟುವುದಾಗಲಿ ಬೇಕಿಲ್ಲ. ಅದೇ ಸಾಲಿಗೆ ಮತ್ತೊಂದು ಪಂಪನ್ನು ಸೇರಿಸಬಹುದೇ ಎಂದು ಯಾರಾದರೂ ಕೇಳಿದರೆ, ಕೊನೆಯ ತೋಟದವನ ಪರವಾಗಿ ಉತ್ತರ ಹೇಳಲು ಅವರಿಗೆ ಆಗ ಒಂದು ಲೆಕ್ಕವಿರುತ್ತದೆ.