ವೇಗದ ಮೇಲೊಂದು ಕಣ್ಣು

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯು ಸುಮಾರು 52 ಮೀಟರು ಕೆಳಗೆ ಧುಮುಕುತ್ತದೆ. ಗಂಟೆಗೆ 100 ಕಿಲೋಮೀಟರು ವೇಗದ ಕಾರು ಗೋಡೆಗೆ ಅಪ್ಪಳಿಸಿದರೆ, ಆ ಆಘಾತವು ಈ ಜಲಪಾತದ ಮುಕ್ಕಾಲು ಎತ್ತರದಿಂದ ಬಿದ್ದುದಕ್ಕೆ ಸಮ. ವೇಗವು 80ಕ್ಕಿಳಿದರೆ ಆ ಎತ್ತರ ಜಲಪಾತದ ಹೆಚ್ಚುಕಡಿಮೆ ಅರ್ಧದಷ್ಟಾಗುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ.

ಆದರೂ ವೇಗವನ್ನು ಅಳೆಯುವ ಕ್ಯಾಮೆರಾವನ್ನು ಕಂಡರೆ ವಾಹನ ನಡೆಸುವವರಿಗೆ ಸಂಶಯ. "ಇದು ದಂಡ ವಸೂಲಿಯ ಯಂತ್ರ. ಇದರ ಮುಂದೆ ಬ್ರೇಕು, ದಾಟಿದೊಡನೆ ಮತ್ತೆ ಓಟ. ಇದರಿಂದ ಪ್ರಾಣ ಉಳಿಯಿತೆಂಬುದಕ್ಕೆ ಏನು ಸಾಕ್ಷಿ?" ಎನ್ನುತ್ತಾರೆ. ಪ್ರಶ್ನೆ ಸುಲಭದ್ದಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟಿನಲ್ಲಿ ದ್ವಿಚಕ್ರ ವಾಹನಗಳನ್ನೂ ಆಟೋಗಳನ್ನೂ ನಿಷೇಧಿಸಲಾಯಿತು. ಕ್ಯಾಮೆರಾಗಳ ಜಾಲವು ವ್ಯಾಪಕವಾಗಿ ಬಂದದ್ದು 2024ರಲ್ಲಿ. ಮರಣಗಳು ಇಳಿದದ್ದು ನಿಜ. ಆದರೆ ಆ ಕೀರ್ತಿಯನ್ನೆಲ್ಲ ಕ್ಯಾಮೆರಾಕ್ಕೇ ಸಲ್ಲಿಸುವುದು ನ್ಯಾಯವಲ್ಲ.

ಬ್ರೇಕಿನ ಚಾತುರ್ಯಕ್ಕೆ ಮಾತ್ರ ಉತ್ತರವುಂಟು. ದೂರದೂರದಲ್ಲಿರುವ ಎರಡು ಕ್ಯಾಮೆರಾಗಳು ಒಂದೇ ವಾಹನದ ನಂಬರನ್ನು ಓದಿಕೊಳ್ಳುತ್ತವೆ. ನಡುವಣ ದೂರವನ್ನು ಹಿಡಿದ ಕಾಲದಿಂದ ಭಾಗಿಸಿದರೆ ಸರಾಸರಿ ವೇಗ ದೊರೆಯುತ್ತದೆ. ಹತ್ತು ಕಿಲೋಮೀಟರನ್ನು ಐದು ನಿಮಿಷದಲ್ಲಿ ಕ್ರಮಿಸಿದವನ ವೇಗ 120. ಕ್ಯಾಮೆರಾಗಳೆದುರು ಅವನು ಎಷ್ಟೇ ವಿನಯದಿಂದ ಸಾಗಿದ್ದರೂ ಸರಿಯೆ.